ನಂದಿಗಿರಿಯ ಅರುಣೋದಯವೂ ನಮ್ಮ ಛಾಯಾಗ್ರಾಹಕರೂ

ಯಲಹಂಕ, ಹೆಬ್ಬಾಳ, ಯಶವಂತಪುರಗಳ ಮನೆಗಳಲ್ಲಿ ಈಚೆಗೆ ಒಂದು ಹೊಸ ವ್ರತವು ಆಚರಣೆಗೆ ಬಂದಿರುವುದನ್ನು ವಾಚಕಮಹಾಶಯರು ಗಮನಿಸಿರಬಹುದು. ಪಾಠ ಓದಲೆಂದು ಆರು ಗಂಟೆಗೆ ಕೂಗಿದರೂ ಹೊದಿಕೆಯನ್ನು ಮತ್ತಷ್ಟು ಮೇಲಕ್ಕೆಳೆದುಕೊಳ್ಳುತ್ತಿದ್ದ ಹುಡುಗರು, ಭಾನುವಾರ ಮಾತ್ರ ಯಾರೂ ಎಬ್ಬಿಸದೆಯೇ ಮೂರು ಗಂಟೆಗೆ ಎದ್ದು, ಕ್ಯಾಮೆರಾವನ್ನು ಹೆಗಲಿಗೇರಿಸಿ, ಬಳ್ಳಾರಿ ರಸ್ತೆಯನ್ನು ಹಿಡಿದು ನಂದಿಬೆಟ್ಟಕ್ಕೆ ಹೊರಡುತ್ತಿರುವರು. ಬ್ರಾಹ್ಮೀಮುಹೂರ್ತದಲ್ಲಿ ಏಳುವ ಅಭ್ಯಾಸವು ಯಾವ ದ್ವಾರದಿಂದ ಬಂದರೂ ಒಳ್ಳೆಯದೇ. ಆದರೆ ಈ ಉದ್ಯಮದ ವಿಷಯದಲ್ಲಿ ಮನೆಯ ಹಿರಿಯರು ತಿಳಿದಿರತಕ್ಕ ಕೆಲವು ಸಂಗತಿಗಳಿರುವುದರಿಂದ ಈ ತಿಂಗಳ ಪುಟವನ್ನು ಅದಕ್ಕೇ ಮೀಸಲಾಗಿಟ್ಟಿದ್ದೇವೆ.

ಕುದುರೆಮುಖದಂತಹ ರಾಷ್ಟ್ರೀಯ ಉದ್ಯಾನಗಳ ಶಿಖರಗಳನ್ನು ಇರುಳಿನಲ್ಲಿ ಚಿತ್ರಿಸುವ ಆಸೆ ಯಾರಿಗಿಲ್ಲ? ಆದರೆ ಅಲ್ಲಿ ಹತ್ತಿದವರು ಅಂದೇ ಇಳಿಯಬೇಕು. ಕಾಡಿನಲ್ಲಿ ರಾತ್ರಿ ತಂಗಲು ಅಪ್ಪಣೆಯಿಲ್ಲ. ಮೃಗಗಳ ಹಿತಕ್ಕಾಗಿ ಅದು ಸರಿಯಾದ ಕಟ್ಟಳೆಯೇ. ಆದುದರಿಂದ ನಮ್ಮ ಕಡೆಯವರಿಗೆ ಯಲಹಂಕದಿಂದ 45 ಕಿಲೋಮೀಟರಿನಷ್ಟು ದೂರದಲ್ಲಿರುವ, 1,478 ಮೀಟರು ಎತ್ತರದ ನಂದಿಗಿರಿಯೇ ಗತಿ. ಬೆಟ್ಟವು ಸುತ್ತಲಿನ ಬಯಲಿಗಿಂತ ಸುಮಾರು 500 ಮೀಟರು ಮೇಲೆದ್ದು ನಿಂತಿರುವುದರಿಂದ ಅಲ್ಲಿ ದಿಗಂತವು ಕೆಳಕ್ಕೆ ಜಾರುತ್ತದೆ. ಎದುರು ನಿರ್ಮಲವಾಗಿದ್ದಲ್ಲಿ ಬಯಲಿನವರಿಗಿಂತ ಎರಡೂವರೆ ಮೂರು ನಿಮಿಷ ಮುಂಚಿತವಾಗಿಯೇ ಸೂರ್ಯದರ್ಶನವಾಗುವುದು.

ನಮ್ಮ ಧರ್ಮಶಾಸ್ತ್ರಕಾರರು ಸೂರ್ಯೋದಯಕ್ಕೆ ಮುಂಚಿನ ನಾಲ್ಕು ಘಳಿಗೆಗಳನ್ನು, ಎಂದರೆ 96 ನಿಮಿಷಗಳನ್ನು, ಅರುಣೋದಯಕಾಲವೆಂದು ಕರೆದರು. ಇಂದಿನ ಖಗೋಳಶಾಸ್ತ್ರಜ್ಞರು ಸೂರ್ಯನು ದಿಗಂತಕ್ಕಿಂತ 18 ಅಂಶ ಕೆಳಗಿರುವಾಗ ಉಷಃಕಾಲದ ಮೊದಲ ಬೆಳಕು ಮೂಡುವುದೆನ್ನುವರು. ನಮ್ಮ 13 ಅಂಶದ ಅಕ್ಷಾಂಶದಲ್ಲಿ ಅದು ಉದಯಕ್ಕೆ ಸುಮಾರು 75 ನಿಮಿಷ ಮುಂಚೆ. ಅಂತೂ ಅರುಣೋದಯದ ಮೊದಲ ಒಂದು ಘಳಿಗೆ ಅಪ್ಪಟ ರಾತ್ರಿಯೇ. ನಕ್ಷತ್ರಗಳನ್ನು ಚಿತ್ರಿಸಲು ಕೊನೆಯ ಅವಕಾಶ ಅದು. ಉದಯಕ್ಕೆ ಮುಂಚಿನ ಒಂದು ಘಳಿಗೆಯಲ್ಲಾದರೋ ಬೆಳಕು ಸುಮಾರು ಮೂರು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತ ಹೋಗುವುದು. ಕ್ಯಾಮೆರಾದ ಕಣ್ಣನ್ನು ಒಮ್ಮೆ ಹದಗೊಳಿಸಿ ಸುಮ್ಮನೆ ನಿಂತವನ ಚಿತ್ರಗಳು ಬೆಳ್ಳಗಾಗುವುದು ಈ ಕಾರಣದಿಂದ. 36 ಚಿತ್ರಗಳ ಫಿಲ್ಮು ಸುರುಳಿಯ ಕಾಲದಲ್ಲಿ ಒಂದೊಂದಕ್ಕೂ ಲೆಕ್ಕ ಹಾಕಬೇಕಾಗಿತ್ತು. ಈಗ ಸಾವಿರ ತೆಗೆದರೂ ಖರ್ಚಿಲ್ಲ, ಲೆಕ್ಕವೂ ಇಲ್ಲ.

ಇನ್ನೊಂದು ವಿಚಿತ್ರವಿದೆ. ಬೆಟ್ಟದ ಮೇಲೆ ನೆರೆದ ಜನರೆಲ್ಲರೂ ಪೂರ್ವಕ್ಕೇ ಮುಖಮಾಡಿ ನಿಲ್ಲುವರು. ಆ ಹೊತ್ತಿನಲ್ಲಿ ಬೆನ್ನ ಹಿಂದೆ, ಪಶ್ಚಿಮದಲ್ಲಿ, ದಿಗಂತವನ್ನೊತ್ತಿ ಒಂದು ನೀಲಿಬೂದಿಯ ಪಟ್ಟಿಯೂ ಅದರ ಮೇಲೆ ಗುಲಾಬಿಯ ಪಟ್ಟಿಯೂ ಕಾಣುತ್ತವೆ. ಕೆಳಗಿನದು ಭೂಮಿಯ ನೆರಳು. ಚಂದ್ರಗ್ರಹಣದಲ್ಲಿ ಚಂದ್ರನ ಮೇಲೆ ಬೀಳುವ ನೆರಳು ಯಾವುದೋ ಅದೇ ಇದು, ನಮ್ಮ ಗಾಳಿಯ ಮೇಲೆಯೇ ಬಿದ್ದಿರುತ್ತದೆ. ಸೂರ್ಯನು ಏರಿದಂತೆ ಅದು ಇಳಿದು ಮರೆಯಾಗುವುದು. ನಮ್ಮ ಅಭಿಪ್ರಾಯದಲ್ಲಿ ನಂದಿಯ ಅತ್ಯುತ್ತಮ ಚಿತ್ರವು ಈ ಹತ್ತು ಹದಿನೈದು ನಿಮಿಷಗಳಲ್ಲಿ, ಕೆಳಗಿನ ಕಣಿವೆಯಲ್ಲಿ ಮಂಜು ತುಂಬಿರುವಾಗ, ಪಶ್ಚಿಮದಲ್ಲಿ ದೊರೆಯತಕ್ಕದ್ದು. ಮಾರ್ಗಶಿರ, ಪುಷ್ಯಮಾಸಗಳ ಗಾಳಿಯಿಲ್ಲದ ರಾತ್ರಿಗಳಲ್ಲಿ ನೆಲವು ಬೇಗ ತಣಿದು, ತಂಪು ಗಾಳಿಯು ಭಾರವಾಗಿ ಹಳ್ಳಕ್ಕಿಳಿದು ಅಲ್ಲಿಯೇ ಮಂಜಾಗಿ ನಿಲ್ಲುವುದರಿಂದ, ಬೆಟ್ಟದ ತಲೆ ಮಾತ್ರ ಬಿಸಿಲಿನಲ್ಲಿರುತ್ತದೆ.

ರಾತ್ರಿಯ ಚಿತ್ರಕ್ಕೆ ಗೋಡೆಯ ಮೊಳೆಗೆ ತೂಗುಹಾಕಿರುವ ಪಂಚಾಂಗಕ್ಕಿಂತ ಒಳ್ಳೆಯ ಗುರು ಇಲ್ಲ. ಆಕಾಶಗಂಗೆ ಬೇಕಾದರೆ ಅಮಾವಾಸ್ಯೆಯ ಆಸುಪಾಸು. ಬಂಡೆಯ ಮೈಯೂ ಕೋಟೆಯ ಗೋಡೆಯೂ ಕಾಣಬೇಕಾದರೆ ಹುಣ್ಣಿಮೆಯ ಆಸುಪಾಸು. ಭೂಮಿಯು ಗಂಟೆಗೆ 15 ಅಂಶ ತಿರುಗುವುದರಿಂದ, 24 ಮಿಲಿಮೀಟರಿನ ಮಸೂರದಲ್ಲಿ ಇಪ್ಪತ್ತು ಸೆಕೆಂಡು ಮೀರಿದರೆ ಚುಕ್ಕೆಗಳು ಗೆರೆಗಳಾಗುವುವು. ಗೆರೆಯೇ ಬೇಕೆಂಬವನು ಉತ್ತರಕ್ಕೆ ತಿರುಗಿ ಟ್ರೈಪಾಡನ್ನು ಊರಲಿ. ದಿಗಂತದಿಂದ 13 ಅಂಶ ಮಾತ್ರ ಎತ್ತರದಲ್ಲಿರುವ ಧ್ರುವನ ಸುತ್ತ ಅವು ಬಳೆಗಳಾಗುತ್ತವೆ.

ದಕ್ಷಿಣದ ಕಥೆಯೇ ಬೇರೆ. ಆಕಾಶಗಂಗೆಯ ನಡುಭಾಗವು ಮೂಲಾನಕ್ಷತ್ರದ ದಿಕ್ಕಿನಲ್ಲಿದೆ. ಹೆಸರಿಟ್ಟವರಿಗೆ ಇದು ತಿಳಿದಿತ್ತೆಂದು ನಾವು ಹೇಳಲಾರೆವು, ಆದರೂ ಹೆಸರು ಸೊಗಸಾಗಿ ಒಪ್ಪಿದೆ. ಫಾಲ್ಗುಣದ ಕೊನೆಯ ಜಾವದಲ್ಲಿ ಅದು ದಕ್ಷಿಣದಲ್ಲಿ ಎತ್ತರವಾಗಿ ನಿಲ್ಲುತ್ತದೆ. ಅದೇ ದಿಕ್ಕಿನಲ್ಲಿ, ಕೆಳಗೆ, ಬೆಂಗಳೂರು. 2008ನೆಯ ಇಸವಿ ಮೇ ತಿಂಗಳಿನಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣವು ತೆರೆದ ತರುವಾಯ ನಗರವು ಬೆಟ್ಟದತ್ತಲೇ ಬೆಳೆಯುತ್ತಿದೆ. ಆ ದೀಪಗಳ ಕೆಂಪು ಹೊಗರಿನಲ್ಲಿ ಆಕಾಶಗಂಗೆಯು ಮಜ್ಜಿಗೆಗೆ ನೀರು ಹೊಯ್ದಂತೆ ತೆಳುವಾಗಿದೆ. ಬೀದಿದೀಪಕ್ಕೆ ಮೇಲೊಂದು ಮುಚ್ಚಳವಿದ್ದರೆ ಬೆಳಕು ಬೇಕಾದ ನೆಲಕ್ಕೇ ಬೀಳುವುದು. ಅಷ್ಟನ್ನು ನಾವು ನಮ್ಮ ನಮ್ಮ ಮಾಳಿಗೆಯ ದೀಪಗಳಿಗಾದರೂ ಮಾಡಬಹುದು.

ಹೀಗೆ ಆಕಾಶವು ಬಡವಾದಾಗ ಕೆಲವರು ಬೇರೆಡೆಯ ಆಕಾಶವನ್ನು ತಂದು ಅಂಟಿಸುವರು. ಕಳೆದ ಧನುರ್ಮಾಸದಲ್ಲಿ ನಮ್ಮ ಬಂಧುಗಳ ಪೈಕಿ ಒಬ್ಬ ಹುಡುಗನು ನಂದಿಯ ಮುಂಜಾವಿನ ಚಿತ್ರವೊಂದನ್ನು ಶುಭಾಶಯವಾಗಿ ಕಳುಹಿಸಿದ್ದನು: ದೇಗುಲದ ಶಿಖರ, ಅದರ ನೆತ್ತಿಯ ಮೇಲೆ ಆಕಾಶಗಂಗೆಯ ಉಜ್ಜ್ವಲವಾದ ನಡುಭಾಗ, ಕೆಳಗೆ ಅದೇ ದಿನದ ತಾರೀಖು. ಮನೆಯವರೆಲ್ಲರೂ ಕೊಂಡಾಡಿದರು. ಧನುರ್ಮಾಸದಲ್ಲಿ ಸೂರ್ಯನೇ ಧನುಸ್ಸಿನಲ್ಲಿ, ತಿಂಗಳ ಮೊದಲಲ್ಲಿ ಮೂಲೆಯಲ್ಲಿಯೇ, ಇರುವನಲ್ಲವೆ? ಆ ಭಾಗವು ಅವನೊಡನೆಯೇ ಮೂಡಿ ಅವನೊಡನೆಯೇ ಮುಳುಗಬೇಕು. ಆ ಮುಂಜಾವಿನಲ್ಲಿ ನಿಜವಾಗಿ ಕಾಣತಕ್ಕವು ಉತ್ತರದಲ್ಲಿ ಎತ್ತರದ ಸಪ್ತರ್ಷಿಗಳು, ಪೂರ್ವದಲ್ಲಿ ಸ್ವಾತಿ, ಪಶ್ಚಿಮಕ್ಕಿಳಿಯುತ್ತಿರುವ ಲುಬ್ಧಕ. ಹುಡುಗನನ್ನು ಕೇಳಿದೆವು. "ಎಲ್ಲರೂ ಹೀಗೆಯೇ ಮಾಡುತ್ತಾರೆ, ತಾತ; ಚೆನ್ನಾಗಿ ಕಾಣಬೇಕಲ್ಲ" ಎಂದನು. ಚೆನ್ನಾಗಿ ಕಾಣಬೇಕೆಂದು ಅಲಂಕರಿಸಿದ್ದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಕೆಳಗೆ ಹಾಕಿದ ತಾರೀಖಿಗೆ ಆಕ್ಷೇಪಣೆ. ಊರು ಸುಳ್ಳು, ಹೊತ್ತು ಸುಳ್ಳು ಎಂದ ಮೇಲೆ ಅದು ವರ್ಣಚಿತ್ರ, ಹಾಗೆಂದೇ ಕರೆಯಲಿ. ಅವನು ತಾರೀಖನ್ನು ಅಳಿಸಿ ಮತ್ತೆ ಕಳುಹಿಸಿದನು. ಕಳೆದ ಫಾಲ್ಗುಣದಲ್ಲಿ ನಿಜವಾದುದೊಂದನ್ನು ತೆಗೆದು ತಂದಿದ್ದನು, ಮಸುಕಾಗಿದೆ, ನಮ್ಮ ಮೇಜಿನ ಮೇಲಿದೆ.

ಇನ್ನು ದಾರಿಯ ವಿಷಯ. ಉದಯವು ತಪ್ಪೀತೆಂಬ ಆತುರದಲ್ಲಿ ನಿದ್ದೆಗಣ್ಣಿನ ಹುಡುಗರು ಆ ಹೆದ್ದಾರಿಯಲ್ಲಿ ಬೈಸಿಕಲ್ಲಿನ ಬಾಲರಂತೆ ಪಂದ್ಯ ಕಟ್ಟಿ ಮೋಟಾರುಬೈಕು ಓಡಿಸುವುದನ್ನು ನಾವು ಯಲಹಂಕದ ಬೀದಿಯಲ್ಲಿಯೇ ಎಷ್ಟೋ ಸಲ ಕೇಳಿ ಎದೆ ಹಿಡಿದುಕೊಂಡಿದ್ದೇವೆ. ಬೆಟ್ಟದ ಬಾಗಿಲು ತೆರೆಯುವುದನ್ನು ಕಾದು ಒಳಹೋಗುವವರಿಗೆ ನಕ್ಷತ್ರಗಳಂತೂ ಸಿಕ್ಕುವುದಿಲ್ಲ. ಹಿಂದಿನ ಸಂಜೆಯೇ ಬಸ್ಸಿನಲ್ಲಿ ಹೋಗಿ, ಮೇಲಣ ವಸತಿಗೃಹದಲ್ಲಿ ಮುಂಗಡವಾಗಿ ಕೋಣೆ ಹಿಡಿದಿದ್ದರೆ ರಾತ್ರಿಯೂ ದಕ್ಕುವುದು, ಮುಂಜಾವೂ ದಕ್ಕುವುದು, ತಾಯಿಗೂ ನಿದ್ದೆ ಬರುವುದು. ಮಂಜಿಗೆ ನೆನೆದ ಬಂಡೆಯಂಚಿಗೆ, ಅದರಲ್ಲಿಯೂ ಟಿಪ್ಪುವಿನ ಹೆಸರಿನ ಆ ಪ್ರಪಾತದ ಕಡೆಗೆ, ಬೆಳಕು ಹರಿಯುವ ಮುನ್ನ ಹೋಗಕೂಡದು. ಚೀಲದಲ್ಲಿ ಹಳೆಯ ಮಲ್ಲುಪಂಚೆಯ ತುಂಡೊಂದಿರಲಿ. ಆ ಚಳಿಯಲ್ಲಿ ಮಸೂರದ ಮೇಲೆ ಇಬ್ಬನಿ ಕೂಡುವುದು, ಒರಸಲು ಅಂಗಡಿಯ ಯಾವ ಬಟ್ಟೆಯೂ ಅಷ್ಟು ಮೆತ್ತಗಿರುವುದಿಲ್ಲ.