ದೂರ ಸರಿದ ಚಂದ್ರ

ಇಟಲಿಯ ಕಥೆಗಾರ ಇಟಾಲೊ ಕಾಲ್ವಿನೊ 1965ರಲ್ಲಿ ಪ್ರಕಟಿಸಿದ ಸಂಕಲನದಲ್ಲಿ ‘ಚಂದ್ರನ ದೂರ’ ಎಂಬ ಅರ್ಥದ ಹೆಸರುಳ್ಳ ಕಥೆಯೊಂದಿದೆ. ಬಹುಕಾಲದ ಹಿಂದೆ ಚಂದ್ರನು ಕಡಲಿನ ಸಮೀಪಕ್ಕೇ ಇಳಿದು ಬರುತ್ತಿದ್ದನಂತೆ. ಜನರು ದೋಣಿಯಲ್ಲಿ ಹೋಗಿ, ಏಣಿ ನಿಲ್ಲಿಸಿ ಮೇಲೇರಿ, ದೊಡ್ಡ ಸೌಟಿನಿಂದ ಚಂದ್ರನ ಹಾಲನ್ನು ತೋಡಿ ತರುತ್ತಿದ್ದರಂತೆ. ನೊರೆಹಾಲಲ್ಲ, ನಮ್ಮ ಗಿಣ್ಣಿನಂತೆ ಗಟ್ಟಿಯಾದುದು!

ಇದು ಬರಿಯ ಅಜ್ಜಿಕಥೆಯೆಂದು ನಮ್ಮ ಸಹಪಾಠಿಗಳಲ್ಲಿ ಕೆಲವರು ನಕ್ಕರು. ಆದರೆ ಚಂದ್ರನು ಹಿಂದೆ ಭೂಮಿಗೆ ತೀರ ಹತ್ತಿರವಿದ್ದನೆಂದೂ, ಕಡಲಿನ ಉಬ್ಬರವಿಳಿತಗಳೇ ಅವನನ್ನು ದೂರ ಸರಿಸಿದುವೆಂದೂ ಹೇಳಿದವರು ಖಗೋಳಜ್ಞ ಜಾರ್ಜ್ ಡಾರ್ವಿನ್ನರು. ಕಥೆ ಹೊರಡುವುದು ಅಲ್ಲಿಂದಲೇ. 1969ರಲ್ಲಿ ಅಪೊಲೊ 11ರ ಯಾತ್ರಿಕರು ಚಂದ್ರನ ಮೇಲೆ ಇರಿಸಿ ಬಂದ ಪ್ರತಿಫಲಕಕ್ಕೆ ಲೇಸರ್ ಕಿರಣ ಕಳುಹಿಸಿ ಅಳೆದುದರಿಂದಲೂ ಈ ಮಾತು ದೃಢಪಟ್ಟಿದೆ: ಅವನು ವರ್ಷಕ್ಕೆ ಸುಮಾರು 3.8 ಸೆಂಟಿಮೀಟರಿನಷ್ಟು ಸರಿಯುತ್ತಿದ್ದಾನೆ. ನಾವು ಹುಟ್ಟಿದಂದಿನಿಂದ ಒಂದು ಮೊಳಕ್ಕಿಂತ ಹೆಚ್ಚೇ ದೂರ ಹೋಗಿದ್ದಾನೆ. ಮುಂಬಯಿಯ ಚೌಪಾಟಿಯಲ್ಲಿ ನಮ್ಮ ಪಾದ ತೋಯಿಸುವ ಉಬ್ಬರಕ್ಕೂ ಈ ಕಾರ್ಯದಲ್ಲಿ ಪಾಲುಂಟು.

ಕಥೆಯಲ್ಲಿ ನಿರೂಪಕನಿಗೆ ನಾವೆಯ ನಾಯಕನ ಪತ್ನಿಯ ಮೇಲೆ ಮನಸ್ಸು. ಆಕೆಗೆ ಅವನ ಕಿವಿ ಕೇಳದ ಸೋದರಸಂಬಂಧಿಯ ಮೇಲೆ. ಆ ಸಂಬಂಧಿಗೋ ಚಂದ್ರನ ಮೇಲೆ ಮಾತ್ರ. ಚಂದ್ರನು ದೂರವಾಗತೊಡಗಿದಾಗ ಅವನು ಅಳುವುದಿಲ್ಲ. ಬಿದಿರುಗಳದಿಂದ ಅವನನ್ನು ಆಟವಾಡಿಸುತ್ತ ತಾನೇ ನೂಕಿ ಕಳುಹಿಸುವಂತೆ ತೋರುತ್ತಾನೆ. ಚಂದ್ರನಿಗೆ ಹೋಗುವ ಇಚ್ಛೆಯಿದ್ದರೆ ಇವನಿಗೂ ಅದೇ ಇಚ್ಛೆ. ಇದೇ ಉತ್ತಮ ಪ್ರೀತಿಯೆಂದು ಹಲವರ ವಾದ. ಉತ್ತಮವಿರಬಹುದು, ನಮ್ಮಿಂದ ಸಾಧ್ಯವಿಲ್ಲ.

ನಮ್ಮ ಮನಸ್ಸು ನಿರೂಪಕನ ಕಡೆಗಿದೆ. ಬಯಸಿದವಳೊಡನೆ ಒಂದು ತಿಂಗಳು ಚಂದ್ರನ ಮೇಲೆ ಸಿಕ್ಕಿಕೊಂಡವನು ಅಲ್ಲಿ ಹಂಬಲಿಸಿದ್ದು ಭೂಮಿಗಾಗಿ. ಭೂಮಿಯಿಲ್ಲದೆ ತಾನು ತಾನಲ್ಲ, ಆಕೆಯೂ ಆಕೆಯಲ್ಲವೆಂದು ಅವನಿಗೆ ತೋರಿತು. ಕಡೆಗೆ ಉದ್ದನೆಯ ಬಿದಿರಿನ ಆಸರೆಯಿಂದ ಭೂಮಿಗೆ ಮರಳಿದ ಮೇಲೆ, ಹುಣ್ಣಿಮೆ ಬಂದಾಗಲೆಲ್ಲ ಮೇಲೆ ನೋಡಿ ಊಳಿಡುತ್ತಾನೆ! ನಗುವವರು ನಗಲಿ. ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ನಮಗೆ ಮುಂಬಯಿಯ ಲೋಕಲ್ ಗಾಡಿಯ ಸದ್ದಿಲ್ಲದೆ ನಿದ್ದೆ ಬಾರದು; ಇಲ್ಲಿಗೆ ಬಂದೊಡನೆ ಊರಿನ ಬಾವಿಕಟ್ಟೆ ಕಣ್ಣಿಗೆ ಕಟ್ಟುವುದು. ಇದು ಚಂಚಲತೆಯೆಂದು ಹಿರಿಯರು ಗದರುತ್ತಾರೆ. ಎರಡೂ ಕಡೆ ನಮ್ಮವರಿರುವಾಗ ಬೇರೆ ಹೇಗಿರಬೇಕು?

ನಾಯಕನ ಪತ್ನಿ ಮಾತ್ರ ಅಲ್ಲಿಯೇ ಉಳಿದಳು. ಅವನು ಒಲಿದುದು ಚಂದ್ರನಿಗಾದರೆ ತಾನೇ ಚಂದ್ರನಾಗುವೆನೆಂಬುದು ಆಕೆಯ ಛಲ. ತಾನಾಗಿಯೇ ಉಳಿದಳೆಂಬುದು ನಿಜ. ಆದರೂ ಆಕೆಯ ಕೈಯಲ್ಲಿದ್ದುದು ಹಾರ್ಪ್ ಎಂಬ ತಂತಿವಾದ್ಯ, ಆಕೆ ಒಲಿದವನಿಗೆ ಕಿವಿ ಕೇಳದು. ಆಕೆಯನ್ನು ಅಲ್ಲಿ ಬಿಟ್ಟು ಕಥೆ ಮುಗಿಸಿದ ಕಾಲ್ವಿನೊ ಅವರ ಮೇಲೆ ನಮಗಿನ್ನೂ ಮುನಿಸಿದೆ.