ಗಡಿ ದಾಟಿದರೆ ಅಪರಾಧ ಅಳಿಯುವುದೇ?

ಲಕ್ಷಾಂತರ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ ಐಕ್‌ಮನ್, ದ್ವಿತೀಯ ಮಹಾಯುದ್ಧದ ತರುವಾಯ ಸುಳ್ಳು ಹೆಸರಿನಲ್ಲಿ ಅರ್ಜೆಂಟೀನಾ ಸೇರಿ, 1960ರಲ್ಲಿ ಸೆರೆಸಿಕ್ಕುವವರೆಗೆ ಹತ್ತು ವರ್ಷ ಅಲ್ಲಿ ಬದುಕಿದನು.

ಇಂತಹ ಆಶ್ರಯದ ಕಥೆ ನಮ್ಮ ನೆಲದಲ್ಲಿಯೂ ಇದೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದ ರಝಾಕಾರರ ನಾಯಕ ಕಾಸಿಂ ರಝ್ವಿ, 1957ರಲ್ಲಿ ಜೈಲಿನಿಂದ ಬಿಡುಗಡೆಗೊಂಡು ಪಾಕಿಸ್ತಾನದಲ್ಲಿ ಆಶ್ರಯ ಪಡೆದನು. ಅವನಿಗೆ ಶಿಕ್ಷೆಯಾದುದು ದರೋಡೆ ಪ್ರಕರಣವೊಂದರಲ್ಲಿ. ರಝಾಕಾರರು ಹಳ್ಳಿಹಳ್ಳಿಗಳಲ್ಲಿ ಎಸಗಿದ ಬಹುಪಾಲು ಹಿಂಸೆಗೆ ಅವನು ಉತ್ತರ ಕೊಡಬೇಕಾಗಲಿಲ್ಲ.

1948ರ ಪೊಲೀಸ್ ಕಾರ್ಯಾಚರಣೆಯ ವೇಳೆ ಮತ್ತು ಅದರ ಬಳಿಕ ಹೈದರಾಬಾದ್ ಸಂಸ್ಥಾನದಲ್ಲಿ 27ರಿಂದ 40 ಸಾವಿರ ಮಂದಿ, ಬಹುಪಾಲು ಮುಸ್ಲಿಮರು, ಹತರಾದರೆಂದು ಸುಂದರಲಾಲ್ ಸಮಿತಿ ಅಂದಾಜಿಸಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಈ ಹಂತಕರಿಗೆ ಗಡಿ ದಾಟುವ ಅಗತ್ಯವೇ ಬೀಳಲಿಲ್ಲ. ಮೌನವೇ ಅವರಿಗೆ ಆಶ್ರಯವಾಯಿತು.

ನಮ್ಮವರ ಹತ್ಯೆಯನ್ನು ಮಾತ್ರ ನೆನೆದು, ನಮ್ಮವನೆನಿಸಿಕೊಂಡವನ ಅಪರಾಧವನ್ನು ಮರೆತರೆ ನಾವೂ ಅಪರಾಧಿಗೆ ಆಶ್ರಯ ಕೊಟ್ಟಂತೆಯೇ. ಸ್ವಂತದವರ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ನುಡಿಯಬೇಕೆಂಬುದು ಪವಿತ್ರ ಕುರ್‌ಆನಿನ ಆದೇಶ. ಆದ್ದರಿಂದ ಮರ್ದಿತರು ಯಾವ ಧರ್ಮದವರೆಂದು ಕೇಳದೆ, ಈ ಎರಡೂ ಸತ್ಯಗಳನ್ನು ನಮ್ಮ ಮಕ್ಕಳಿಗೆ ತಿಳಿಸೋಣ.