ತನಗಾಗಿ ಆರಿಸಿಕೊಂಡ ಕೋಲು

ಒಂದು ವಸ್ತುವಿನ ಯೋಗ್ಯತೆಯನ್ನು ತಿಳಿಯಲು ಎರಡು ದಾರಿಗಳಿವೆ. ಅದನ್ನು ಮಾಡುವವನು ಅಂಗಡಿಯಲ್ಲಿ ಏನನ್ನು ಮುಂದಿಡುತ್ತಾನೆ ಎಂದು ನೋಡುವುದು ಒಂದು. ತನ್ನ ಬಳಕೆಗೆಂದು ಏನನ್ನು ತೆಗೆದಿರಿಸಿಕೊಳ್ಳುತ್ತಾನೆ ಎಂದು ನೋಡುವುದು ಇನ್ನೊಂದು. ಎರಡನೆಯ ದಾರಿಯೇ ಹೆಚ್ಚು ನಂಬಿಕೆಗೆ ಅರ್ಹವಾದುದು. ಸ್ನೂಕರ್ ಆಟದ ಕೋಲನ್ನು, ಅರ್ಥಾತ್ ‘ಕ್ಯೂ’ವನ್ನು, ತಯಾರಿಸುವ ಕುಶಲಕರ್ಮಿಗಳ ವಿಷಯದಲ್ಲಿ ಈ ಮಾತನ್ನು ಪರಿಶೀಲಿಸಬಹುದು. ಹಾಗೆ ಪರಿಶೀಲಿಸಿದಾಗ ದೊರೆಯುವ ಉತ್ತರವು ಗುಮ್ಮಳಾಪುರದಂತಹ ಗಡಿಯೂರಿನ ಕನ್ನಡಿಗರಿಗೂ ಸಂಬಂಧಿಸಿದ್ದಾಗಿದೆ.

ಸ್ನೂಕರ್ ಪರದೇಶದಲ್ಲಿ ಬೆಳೆದ ಆಟವೆಂದು ತೋರಿದರೂ ಅದು ಹುಟ್ಟಿದ್ದು ಈ ನೆಲದಲ್ಲಿಯೇ. 1875ರಲ್ಲಿ ಜಬಲ್ಪುರದ ಸೇನಾ ಭೋಜನಶಾಲೆಯಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಅಧಿಕಾರಿ ಇದನ್ನು ರೂಪಿಸಿದನೆಂದೂ, 1882ರಲ್ಲಿ ಉದಕಮಂಡಲದ ಕ್ಲಬ್ಬಿನಲ್ಲಿ ಇದರ ನಿಯಮಗಳು ಬರಹಕ್ಕಿಳಿದವೆಂದೂ ಪ್ರತೀತಿಯಿದೆ. ಮುಂದೆ ಬೆಂಗಳೂರು ಈ ಆಟದ ಒಂದು ನೆಲೆಯಾಯಿತು. ಅಲ್ಲಿ ಅರವಿಂದ ಸಾವೂರ್ ಅವರ ಬಳಿ ಅಭ್ಯಾಸ ಮಾಡಿದ ಪಂಕಜ್ ಅಡ್ವಾಣಿ 2003ರಲ್ಲಿ ತಮ್ಮ ಹದಿನೆಂಟನೆಯ ವಯಸ್ಸಿನಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿಯನ್ನು ಗೆದ್ದರು.

ಆಟಗಾರನ ಕೈಯಲ್ಲಿರುವ ಕ್ಯೂ ನೋಡಲು ಸರಳವಾದ ಕೋಲು. ಉದ್ದ ಸುಮಾರು 57ರಿಂದ 58 ಅಂಗುಲ, ತೂಕ ಅರ್ಧ ಕಿಲೋಗ್ರಾಂನ ಆಸುಪಾಸು, ತುದಿಯಲ್ಲಿ 9ರಿಂದ 10 ಮಿಲಿಮೀಟರ್ ಅಗಲದ ಒಂದು ಚರ್ಮದ ಬಿಲ್ಲೆ. ಮುಂಭಾಗವನ್ನು ಬಹುಮಟ್ಟಿಗೆ ಆ್ಯಶ್ ಇಲ್ಲವೇ ಮೇಪಲ್ ಮರದಿಂದಲೂ, ಹಿಡಿಯುವ ಹಿಂಭಾಗವನ್ನು ಕರಿಮರ, ಬೀಟೆ ಮೊದಲಾದ ಭಾರವಾದ ಮರಗಳಿಂದಲೂ ಮಾಡುತ್ತಾರೆ. ಆ್ಯಶ್ ಮರದ ಎಳೆಗಳು ಕೋಲಿನ ಮೇಲ್ಮೈಯಲ್ಲಿ ಬಾಣದ ಮೊನೆಗಳಂತೆ ಸಾಲಾಗಿ ಕಾಣುತ್ತವೆ. ಆ ಮೊನೆಗಳನ್ನು ನೋಡಿ ಆಟಗಾರನು ಪ್ರತಿಸಲವೂ ಕೋಲಿನ ಒಂದೇ ಮಗ್ಗುಲನ್ನು ಮೇಲೆ ಮಾಡಿ ಹಿಡಿಯುತ್ತಾನೆ. ಮರವನ್ನು ಚೆನ್ನಾಗಿ ಒಣಗಿಸಿ, ಸ್ವಲ್ಪ ಸ್ವಲ್ಪವಾಗಿ ಹತ್ತರಿ ಹಾಕಿ, ನಡುನಡುವೆ ಅದಕ್ಕೆ ವಿಶ್ರಾಂತಿ ಕೊಡಬೇಕು. ಅವಸರ ಮಾಡಿದರೆ ಮರ ಬಾಗುತ್ತದೆ.

ಇಂತಹ ಕೋಲನ್ನು ಕೊಳ್ಳಲು ಬರುವವರ ಕಣ್ಣು ಮೊದಲು ಹೋಗುವುದು ಹಿಡಿಕೆಯ ಅಲಂಕಾರದ ಮೇಲೆ: ಬಣ್ಣಬಣ್ಣದ ಮರದ ಪಟ್ಟಿಗಳು, ಚೂಪು ಚೂಪಾಗಿ ಏರಿಬಂದ ಬೆಸುಗೆಗಳು, ಹೆಸರು ಕೆತ್ತಿದ ಬಿಲ್ಲೆ. ಇವೆಲ್ಲವೂ ಬೆಲೆಯನ್ನು ಏರಿಸುತ್ತವೆ. ಚೆಂಡು ಹೋಗುವ ದಾರಿಯನ್ನು ಮಾತ್ರ ಬದಲಿಸುವುದಿಲ್ಲ. ಇದನ್ನು ತಯಾರಕನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದುದರಿಂದ ಸ್ವತಃ ಆಡುವ ತಯಾರಕನು ತನ್ನ ಕೋಲನ್ನು ಆರಿಸುವಾಗ ನೋಡಬೇಕಾದದ್ದು ಬೇರೆಯೇ ಆಗಿದೆ. ಎಳೆ ನೇರವಾಗಿದೆಯೆ, ತೂಕ ಕೈಗೆ ಒಪ್ಪುತ್ತದೆಯೆ, ಹೊಡೆತದ ಹದ ಬೆರಳಿಗೆ ಸರಿಯಾಗಿ ತಿಳಿಯುತ್ತದೆಯೆ? ಆ್ಯಶ್ ಮೇಲೋ ಮೇಪಲ್ ಮೇಲೋ ಎಂಬಲ್ಲಿ ಅಭಿಪ್ರಾಯಭೇದ ಇರಬಹುದು. ಅಲಂಕಾರವು ಆಟವಾಡುವುದಿಲ್ಲ ಎಂಬಲ್ಲಿ ಭೇದಕ್ಕೆ ಎಡೆಯಿಲ್ಲ. 1990ರಿಂದ 1999ರ ನಡುವೆ ಏಳು ಬಾರಿ ವಿಶ್ವವಿಜೇತನಾದ ಸ್ಟೀಫನ್ ಹೆಂಡ್ರಿ ಎಳೆಯ ವಯಸ್ಸಿನಲ್ಲಿ ಪಡೆದ, ಸುಮಾರು 40 ಪೌಂಡು ಬೆಲೆಯ ಸಾಧಾರಣ ಕೋಲಿನಿಂದಲೇ ಆ ಗೆಲುವುಗಳನ್ನು ಸಾಧಿಸಿದನು. 2003ರಲ್ಲಿ ವಿಮಾನಯಾನದ ವೇಳೆ ಅದು ಮುರಿಯುವವರೆಗೂ ಅವನು ಅದನ್ನು ಬಿಡಲಿಲ್ಲ.

ಆಟದ ಮೇಜಿನಿಂದ ಗುಮ್ಮಳಾಪುರಕ್ಕೆ ಬರುವುದು ದೂರದ ದಾರಿ ಎನಿಸಬಹುದು. ಆದರೆ ಮಾಡುವವನು ತನಗಾಗಿ ಏನನ್ನು ಇರಿಸಿಕೊಳ್ಳುತ್ತಾನೆ ಎಂಬ ಪ್ರಶ್ನೆ ಈ ಊರಿಗೆ ಹೊಸದಲ್ಲ. ಪ್ರಸಿದ್ಧವಾದ ನಾಲ್ಕು ಶೂನ್ಯಸಂಪಾದನೆಗಳಲ್ಲಿ ಮೂರನೆಯದನ್ನು ಸಂಕಲಿಸಿದವನು ಗುಮ್ಮಳಾಪುರದ ಸಿದ್ಧಲಿಂಗಯತಿ. ಚದುರಿದ್ದ ವಚನಗಳನ್ನು ಸಂವಾದವಾಗಿ ಹೆಣೆದ ಪರಂಪರೆ ಅದು. ಆ ವಚನಗಳನ್ನು ನುಡಿದವರಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನಿದ್ದನು, ದೋಣಿ ನಡೆಸುವ ಅಂಬಿಗರ ಚೌಡಯ್ಯನಿದ್ದನು, ಬಿದಿರು ಹೆಣೆಯುವ ಮೇದರ ಕೇತಯ್ಯನಿದ್ದನು. ಕೆಲಸದಲ್ಲಿ ಆಡುವ ಕನ್ನಡ ಒಂದು, ದೇವರೊಡನೆ ಆಡುವ ಕನ್ನಡ ಇನ್ನೊಂದು ಎಂಬ ಭೇದವನ್ನು ಅವರು ಇರಿಸಿಕೊಳ್ಳಲಿಲ್ಲ. ತಮ್ಮ ಪರಮ ಅಗತ್ಯಕ್ಕೂ ಕೈಯಲ್ಲಿದ್ದ ಮಾತನ್ನೇ ಆರಿಸಿಕೊಂಡರು. ಅವರ ನುಡಿ ಉಳಿದುಬಂದದ್ದಕ್ಕೆ ಇದೂ ಒಂದು ಕಾರಣ.

ಇಂದು ಕನ್ನಡವನ್ನು ಮಾಡುವವರು ಯಾರು? ಬೋಧಕರು, ಬರಹಗಾರರು, ಸಂಪಾದಕರು, ಕನ್ನಡ ವಿಭಾಗಗಳ ವಿದ್ಯಾರ್ಥಿಗಳು. ಅವರು ಇತರರ ಮುಂದಿಡುವ ಕನ್ನಡ ಬಹಳ ಸುಂದರವಾದುದು. ನವೆಂಬರ್ ತಿಂಗಳ ವೇದಿಕೆಯ ಮೇಲೆ ಅದರ ಹಿಡಿಕೆ ಥಳಥಳಿಸುತ್ತದೆ. ಆದರೆ ವೇದಿಕೆಯಿಂದ ಇಳಿದ ಮೇಲೆ ಅವರ ಕೈಯಲ್ಲಿರುವ ಕೋಲು ಯಾವುದು? ಮನೆಯ ಲೆಕ್ಕ, ದಿನಚರಿ, ಬ್ಯಾಂಕಿನ ಚೀಟಿ, ಮೊಬೈಲಿನ ಸಂದೇಶ, ಮಕ್ಕಳ ಶಾಲೆ ಇವುಗಳಲ್ಲಿ ಅವರು ಆರಿಸಿಕೊಳ್ಳುವುದು ಯಾವ ಭಾಷೆಯನ್ನು? ಅನೇಕರ ವಿಷಯದಲ್ಲಿ ಉತ್ತರವು ಅವರಿಗೇ ಸಂಕೋಚ ಹುಟ್ಟಿಸುವಂತಿದೆ. ತಾನು ಮಾಡಿದ ಕೋಲನ್ನು ತಾನೇ ಹಿಡಿಯದ ತಯಾರಕನನ್ನು ಗಿರಾಕಿ ಬೇಗ ಗುರುತಿಸುತ್ತಾನೆ. ವಿದ್ಯಾರ್ಥಿಗಳೂ ಹಾಗೆಯೇ.

ಗಡಿಯ ಕುಟುಂಬಗಳಿಗೆ ಈ ಆಯ್ಕೆ ಸುಲಭವಾದುದಲ್ಲ ಎಂಬುದನ್ನು ಒಪ್ಪಬೇಕು. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಶಾಲೆಗಳಲ್ಲಿ ತಮಿಳು ಒಂದನೆಯ ತರಗತಿಯಿಂದ ಹಂತಹಂತವಾಗಿ ಕಡ್ಡಾಯವಾಯಿತು. ರಾಜ್ಯದ ಭಾಷೆಯನ್ನು ಕಲಿಯುವುದು ನ್ಯಾಯವೇ; ಉದ್ಯೋಗಕ್ಕಾಗಿ ಇಂಗ್ಲಿಷ್ ಬೇಕೆನ್ನುವುದೂ ತಪ್ಪಲ್ಲ. ಮಗುವಿನ ಭವಿಷ್ಯವನ್ನು ನೆನೆದು ತೀರ್ಮಾನ ಮಾಡಿದ ತಂದೆತಾಯಿಯರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಅದರಲ್ಲಿಯೂ ಕನ್ನಡದಿಂದಲೇ ಸಂಬಳ ಪಡೆಯುವವರಿಗೆ ಖಂಡಿತವಾಗಿಯೂ ಇಲ್ಲ. ಒಬ್ಬ ಆಟಗಾರನ ಬಳಿ ಎರಡು ಮೂರು ಕೋಲುಗಳಿರಬಹುದು. ಅವುಗಳಲ್ಲಿ ಒಂದನ್ನು ಗೋಡೆಗೆ ತೂಗುಹಾಕಿ ವರ್ಷಕ್ಕೊಮ್ಮೆ ಹೂವು ಮುಡಿಸುವುದಷ್ಟೇ ಆದಾಗ ಮಾತ್ರ ಆಕ್ಷೇಪ ಏಳುತ್ತದೆ.

ಆದುದರಿಂದ ಕನ್ನಡ ವಿಭಾಗಗಳು ಮೊದಲು ಮಾಡಬೇಕಾದ ಕೆಲಸ ಇನ್ನೊಂದು ಉತ್ಸವವಲ್ಲ. ಸಭೆಯ ನಡಾವಳಿ, ರಜೆಯ ಅರ್ಜಿ, ಸೂಚನಾಫಲಕ, ಸಹೋದ್ಯೋಗಿಗೆ ಕಳುಹಿಸುವ ಸಂದೇಶ ಇವು ಸರಳವಾದ, ನೇರವಾದ ಕನ್ನಡದಲ್ಲಿರಲಿ. ವಿದ್ಯಾರ್ಥಿಯೊಬ್ಬನು ತನ್ನ ಊರಿನ ರಾಗಿ ಹೊಲದ ಖರ್ಚುವೆಚ್ಚವನ್ನು ಕನ್ನಡದಲ್ಲಿ ಬರೆದು ತಂದರೆ ಅದಕ್ಕೂ ಅಂಕ ದೊರೆಯಲಿ. ಗುಮ್ಮಳಾಪುರದ ಮನೆಗಳಲ್ಲಿ ಅಲಂಕಾರವಿಲ್ಲದ ಕನ್ನಡವು ಇನ್ನೂ ದಿನಬಳಕೆಯಲ್ಲಿದೆ. ಅಧ್ಯಾಪಕರೂ ಅದನ್ನು ತಮ್ಮ ಸ್ವಂತ ಬಳಕೆಗೆ ಎತ್ತಿಕೊಂಡರೆ, ಕನ್ನಡ ಉಳಿಯಬೇಕು ಎಂಬ ಅವರ ಮಾತನ್ನು ಕೇಳುವವರು ನಂಬುತ್ತಾರೆ.